ಊರಿನ ವಾಟ್ಸಾಪ್ ಗ್ರೂಪಲ್ಲಿ ರಾಜಕೀಯದ ಜಗಳ ಜಾತಿ ಧರ್ಮದ ಬೈಗುಳಕ್ಕೆ ತಿರುಗಿದ್ರೆ ಏನ್ ಮಾಡೋದು

ಮಂಡ್ಯ ಮೈಸೂರು ಕಡೆ ಈಗ ಗ್ರೂಪ್ ಇಲ್ದೆ ಇರೋರು ಯಾರಿದ್ದಾರೆ ಹೇಳಿ. ಊರಬ್ಬದ್ದು ಒಂದು, ಡೇರಿದು ಒಂದು, ಹೈಸ್ಕೂಲ್ ಬ್ಯಾಚಿಂದು, ನೆಂಟ್ರುದು, ಮೈಸೂರಲ್ಲಾದ್ರೆ ಬಡಾವಣೆದು ಇನ್ನೊಂದು. ಬೆಳಿಗ್ಗೆ ದೇವ್ರ ಫೋಟೋ, ಮಧ್ಯಾಹ್ನ ಯಾರೋ ಒಬ್ರು ರಾಜಕೀಯದ ವಿಡಿಯೋ ಬಿಡ್ತಾರೆ, ಇನ್ಯಾರೋ ಅದಕ್ಕೆ ಉತ್ರ ಕೊಡ್ತಾರೆ, ರಾತ್ರಿ ಊಟದ ಹೊತ್ತಿಗೆ ಗುಲಾಮ, ಅಂಧಭಕ್ತ ಎಲ್ಲ ಮುಗ್ದು ಮಾತು ಜಾತಿಗೆ, ಧರ್ಮಕ್ಕೆ, ಮನೆ ಹೆಂಗಸ್ರಿಗೆ ಹೋಗಿರುತ್ತೆ. ಮಾರನೇ ದಿನ ಅದೇ ಇಬ್ರೂ ಡೇರಿ ಮುಂದೆ ಕ್ಯಾನ್ ಹಿಡ್ಕೊಂಡು ಮಕ ತಿರುಗಿಸಿ ನಿಂತಿರ್ತಾರೆ.

ಇದಕ್ಕೆ ಜಾಸ್ತಿ ಜನ ಹೇಳೋ ಮದ್ದು "ಗ್ರೂಪಲ್ಲಿ ರಾಜಕೀಯ ಬ್ಯಾಡ" ಅಂತ. ಇದು ನಡೆಯಲ್ಲ, ನಡೀಲೂ ಬಾರ್ದು. ಕೆಆರ್‌ಎಸ್ ಡ್ಯಾಮಿಂದ ವಿ.ಸಿ. ನಾಲೆಗೆ ನೀರು ಯಾವಾಗ ಬಿಡ್ತಾರೆ, ಮೈಶುಗರ್ ಕಾರ್ಖಾನೆ ಕಬ್ಬು ಅರೀತದಾ ಇಲ್ವಾ, ಮನ್‌ಮುಲ್ (ಮಂಡ್ಯ ಹಾಲು ಒಕ್ಕೂಟ) ಹಾಲಿನ ರೇಟ್ ಎಷ್ಟು, ಇವೆಲ್ಲ ರಾಜಕೀಯನೇ. ಇದನ್ನ ಮಾತಾಡ್ದೆ ಊರಿನ ಗ್ರೂಪಲ್ಲಿ ಇನ್ನೇನು ಮಾತಾಡೋದು. ಜಗಳ ಇರ್ಲಿ. ಜಗಳ ಪಕ್ಷದ ಮೇಲೆ, ನಾಯಕರ ಕೆಲಸದ ಮೇಲೆ, ಸರ್ಕಾರದ ತೀರ್ಮಾನದ ಮೇಲೆ ಇರೋವರ್ಗೂ ಬಿಡಿ, ಎಷ್ಟು ಜೋರಾಗಿದ್ರೂ ಬಿಡಿ. ಅದು ಒಂದು ಜನದ ಹುಟ್ಟಿನ ಮೇಲೆ ಹೋದ ತಕ್ಷಣ ತಡೀಬೇಕು, ಆ ಗಳಿಗೆನ ಗುರುತಿಸೋದು ಹೆಂಗೆ ಅನ್ನೋದೇ ಮೊದಲು ಕಲೀಬೇಕಾದ್ದು.

ಮಾತು ಒರಟಾಗಿದೆ ಅಂತ ಅದನ್ನ ದ್ವೇಷ ಅನ್ಕೋಬೇಡಿ. ನಮ್ ಮಂಡ್ಯದ ಕಡೆ "ಲೋ ಬಡ್ಡೆತ್ತದೆ" ಅಂತ ಪ್ರೀತಿಗೂ ಬಯ್ತಾರೆ ಸಿಟ್ಟಿಗೂ ಬಯ್ತಾರೆ, ಎದುರಿಗಿದ್ರೆ ಮಕ ನೋಡಿ ಗೊತ್ತಾಗುತ್ತೆ, ಟೈಪ್ ಮಾಡಿದ್ರೆ ಗೊತ್ತಾಗಲ್ಲ, ಅಷ್ಟೆ ವ್ಯತ್ಯಾಸ. ಒಂದೇ ಒಂದು ಕೆಟ್ಟ ಪದ ಇಲ್ದೆ, ಬಲು ನಯವಾಗಿ "ಅವ್ರ ಅಂಗಡಿಗೆ ಹೋಗೋದು ನಿಲ್ಸಿದ್ರೆ ತಾನಾಗೇ ದಾರಿಗೆ ಬರ್ತಾರೆ" ಅಂತ ಬರೀತಾರಲ್ಲ, ಅದು ಬಡ್ಡೆತ್ತದಕ್ಕಿಂತ ನೂರು ಪಾಲು ಕೆಟ್ಟದ್ದು. ಅದಕ್ಕೆ ಪದ ನೋಡ್ಬೇಡಿ, ಮಾತು ಯಾರ ಮೇಲೆ ಬೀಳ್ತಿದೆ ಅದನ್ನ ನೋಡಿ. ಟಿಪ್ಪು ಒಳ್ಳೆಯವ್ನೋ ಕೆಟ್ಟವ್ನೋ ಅಂತ ಎಷ್ಟಾದ್ರೂ ವಾದ ಮಾಡಿ, 1799ರ ಮೇ 4ಕ್ಕೆ ಶ್ರೀರಂಗಪಟ್ಟಣದಲ್ಲಿ ಸತ್ತ ಒಬ್ಬ ರಾಜನ ಮೇಲಿನ ವಾದ ಅದು. ಅದೇ ವಾದ ಇವತ್ತು ಅದೇ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಪಂಚರ್ ಹಾಕೋ ಹುಡುಗನ ಮೇಲೆ ತಿರುಗಿದ್ರೆ ಅಲ್ಲಿಗೆ ಇತಿಹಾಸ ಮುಗೀತು, ಬೇರೆ ಏನೋ ಶುರುವಾಯ್ತು ಅಂತಲೇ. ಕಾವೇರಿ ವಿಷಯಕ್ಕೂ ಅಷ್ಟೆ. ತಮಿಳುನಾಡು ಸರ್ಕಾರದ ವಾದ ತಪ್ಪು ಅನ್ನಿ. "ಈ ತಮಿಳ್ರನ್ನೆಲ್ಲಾ" ಅಂತ ಶುರು ಮಾಡಿದ್ರೆ ಆ ಗ್ರೂಪಲ್ಲೇ ಓದ್ತಿರೋರ ಪೈಕಿ ಮನೇಲಿ ತಮಿಳು ಆಡೋರು ಇರ್ತಾರೆ, ನಮ್ಮ ಮೇಲುಕೋಟೆ ಅಯ್ಯಂಗಾರ್‌ರ ಮನೆಗಳಲ್ಲಿ ತಲೆತಲಾಂತರದಿಂದ ಆಡೋದೂ ಒಂಥರಾ ತಮಿಳೇ.

ಸರಿ, ಗುರುತಿಸಿದ್ರಿ. ಈಗ ಉತ್ರ ಹೆಂಗೆ ಕೊಡೋದು?

ಮೊದಲು ಒಂದು ಮಾತು ತಲೇಲಿಟ್ಕೊಳಿ. ನೀವು ಬರೆಯೋದನ್ನ ಓದೋನು ಆ ಬೈದವ್ನು ಒಬ್ನೇ ಅಲ್ಲ. ಇನ್ನೂರು ಜನರ ಗ್ರೂಪಲ್ಲಿ ಕಿತ್ತಾಡೋರು ಐದಾರು ಜನ, ಮಿಕ್ಕವ್ರು ಸುಮ್ನೆ ಓದ್ತಿರ್ತಾರೆ, ಅದ್ರಲ್ಲಿ ಬೈಸ್ಕೊಂಡ ಜಾತಿಯವ್ರೂ ಇರ್ತಾರೆ, ಪಿಯುಸಿ ಓದೋ ಹುಡುಗ್ರೂ ಇರ್ತಾರೆ. ಯಾರೂ ಏನೂ ಅನ್ಲಿಲ್ಲ ಅಂದ್ರೆ ಬೈದವ್ನಿಗೆ ಊರೇ ತನ್ನ ಕಡೆ ಅನ್ಸುತ್ತೆ, ಬೈಸ್ಕೊಂಡವ್ರಿಗೂ ಹಂಗೇ ಅನ್ಸುತ್ತೆ, ಅದು ಇನ್ನೂ ಕಷ್ಟ. ಹಂಗಾಗಿ ವಾದದಲ್ಲಿ ಗೆಲ್ಲೋದು ನಿಮ್ ಕೆಲಸ ಅಲ್ಲ, ಇಲ್ಲಿ ಒಪ್ಪದೆ ಇರೋರೂ ಇದ್ದಾರೆ ಅಂತ ಒಂದೇ ಒಂದು ಸಾಲಲ್ಲಿ ತೋರಿಸೋದು ನಿಮ್ ಕೆಲಸ. ಉದ್ದ ಬರೆದ್ರೆ ಉದ್ದ ಉತ್ರ ಬರುತ್ತೆ. "ಮಾವ, ಸರ್ಕಾರನ ನೀವು ಎಷ್ಟ್ ಬೇಕಾದ್ರೂ ಬೈರಿ, ನಾನೂ ಸೇರ್ಕೋತೀನಿ, ಆದ್ರೆ ಆ ಜನದ ಬಗ್ಗೆ ಬರ್ದಿದೀರಲ್ಲ ಆ ಸಾಲು ಮಾತ್ರ ತೆಗ್ದುಬಿಡಿ" ಅಷ್ಟೇ ಸಾಕು. ಮಾವ ಅನ್ನೋದನ್ನ ಬಿಡ್ಬೇಡಿ. ದೊಡ್ಡಪ್ಪನ್ನ ದೊಡ್ಡಪ್ಪ ಅಂತಲೇ ಕರೀರಿ, ಬೇರೆ ಪಕ್ಷದವ್ರು ಅಂತ "ಮಿಸ್ಟರ್" ಅಂತ ಶುರು ಮಾಡಿದ್ರೆ ಅಲ್ಲಿಗೆ ಮಾತು ಕೆಡ್ತು.

ಆ ಒಂದು ಸಾಲು ಹಾಕಿದ್ಮೇಲೆ ಫೋನ್ ಕೆಳಗಿಟ್ಟು ಒಂದರ್ಧ ಗಂಟೆ ಬಿಟ್ಟು ಅವ್ರಿಗೇ ನೇರವಾಗಿ ಕಾಲ್ ಮಾಡಿ. ಮೆಸೇಜ್ ಅಲ್ಲ, ಕಾಲ್. ಗ್ರೂಪಲ್ಲಿ ಇನ್ನೂರು ಜನರ ಮುಂದೆ ಸೋಲೋಕೆ ಯಾರಿಗೂ ಇಷ್ಟ ಇರಲ್ಲ, ಅದೇ ಮನುಷ್ಯ ಫೋನಲ್ಲಿ "ಅದ್ಯಾವ್ದೋ ಬಂದಿತ್ತು ಕನಾ, ಸಿಟ್ಟಲ್ಲಿ ಹಾಕ್ಬುಟ್ಟೆ" ಅಂತಾರೆ. ಮೊದಲು ಎಮ್ಮೆ ಕರ ಹಾಕ್ತಾ, ಮಳೆ ಆಯ್ತಾ ಅಂತ ಕೇಳಿ, ಆಮೇಲೆ ವಿಷಯಕ್ಕೆ ಬನ್ನಿ. ಅವ್ರ ಸಿಟ್ಟು ಎಲ್ಲಿಂದ ಬಂತು ಅಂತ ನಿಜವಾಗ್ಲೂ ಕೇಳಿ. ಎಷ್ಟೋ ಸಲ ಅದ್ರ ಅಡಿಯಲ್ಲಿ ಸಾಲದ ವಿಷಯ ಇರುತ್ತೆ, ಮಗನಿಗೆ ಕೆಲಸ ಸಿಗದೆ ಇರೋದು ಇರುತ್ತೆ, ಆ ಸಿಟ್ಟಿಗೆ ಯಾರನ್ನ ತೋರ್ಸಿದ್ರೂ ಅವ್ರ ಮೇಲೆ ಬೀಳುತ್ತೆ.

ಇದ್ರಲ್ಲಿ ಎಲ್ಲಕ್ಕಿಂತ ಕೆಲಸಕ್ಕೆ ಬರೋದು ಒಂದಿದೆ, ಅದನ್ನ ಮಾಡೋರು ಬಲು ಕಮ್ಮಿ. ನಿಮ್ ಕಡೆಯವ್ರಿಗೆ ನೀವು ಹೇಳಿ. ಜೆಡಿಎಸ್‌ನವ್ನು ಬರೆದ ಕೊಳಕಿಗೆ ಕಾಂಗ್ರೆಸ್‌ನವ್ನು ಬುದ್ಧಿ ಹೇಳಕ್ಕೆ ಹೋದ್ರೆ ಅದು ಇನ್ನೊಂದು ಸುತ್ತಿನ ಜಗಳ, ಅಷ್ಟೆ. ಅದೇ ಮಾತು ಜೆಡಿಎಸ್‌ನ ಇನ್ನೊಬ್ಬ ಹೇಳಿದ್ರೆ ನಾಟುತ್ತೆ. ಬಿಜೆಪಿಯವ್ನು ಬರೆದಿದ್ರೆ ಬಿಜೆಪಿಯವ್ರು, ನಮ್ಮ ಜಾತಿಯವ್ನು ಇನ್ನೊಂದು ಕೇರಿಯವ್ರನ್ನ ಕೀಳಾಗಿ ಬರೆದಿದ್ರೆ ನಮ್ಮ ಜಾತಿಯವ್ರೇ ಎದ್ದು ಹೇಳ್ಬೇಕು. ಬೈಸ್ಕೊಂಡವ್ರೇ ಬಂದು ತಮ್ ಪರವಾಗಿ ವಾದ ಮಾಡ್ಕೊಳ್ಲಿ ಅಂತ ಕಾಯೋದು ಅನ್ಯಾಯ, ಅವ್ರು ಅದೇ ಊರಲ್ಲಿ ಬದುಕ್ಬೇಕು. "ನಮ್ಮೋನು ಅಂತ ಸುಮ್ನಿರಕ್ಕಾಗಲ್ಲ ಕಣಣ್ಣ, ಇದು ತಪ್ಪು" ಅಂತ ಸ್ವಂತ ಕಡೆಯ ಒಬ್ಬ ಬರೆದ್ರೆ ಆ ಗ್ರೂಪಿನ ಗಾಳಿನೇ ಬದಲಾಗುತ್ತೆ. ಇದಕ್ಕೆ ಧೈರ್ಯ ಬೇಕು, ನಿಮ್ಮವ್ರೇ ನಿಮ್ಮನ್ನ ಆ ಕಡೆಯವ್ನಾದ್ಯಾ ಅಂತ ಕೇಳ್ತಾರೆ. ಕೇಳ್ಲಿ.

ಪಕ್ಷಕ್ಕೋಸ್ಕರ ನೆಂಟಸ್ತನ ಕಳ್ಕೊಳೋರಿಗೆ ನಮ್ ಜಿಲ್ಲೆದೇ ಉದಾಹರಣೆ ಕೊಡಿ. 2019ರ ಲೋಕಸಭೆ ಚುನಾವಣೇಲಿ ಮಂಡ್ಯದಲ್ಲಿ ಕಾಂಗ್ರೆಸ್ ಮತ್ತೆ ಜೆಡಿಎಸ್ ಮೈತ್ರಿ ಅಭ್ಯರ್ಥಿ ನಿಖಿಲ್ ಕುಮಾರಸ್ವಾಮಿ, ಎದುರಿಗೆ ಪಕ್ಷೇತರರಾಗಿ ಸುಮಲತಾ ಅಂಬರೀಶ್, ಅವ್ರಿಗೆ ಬಿಜೆಪಿ ಬೆಂಬಲ. ಆ ತಿಂಗಳುಗಳಲ್ಲಿ ಎಂತೆಂಥ ಮಾತು ಹರಿದಾಡ್ತು ಅಂತ ಇಲ್ಲಿ ಎಲ್ರಿಗೂ ನೆನಪಿದೆ, ಗಂಡನ್ನ ಕಳ್ಕೊಂಡ ಹೆಣ್ಮಗಳು ಅನ್ನೋದನ್ನೂ ನೋಡ್ಲಿಲ್ಲ. ಐದು ವರ್ಷ ಕಳೀತು. 2024ಕ್ಕೆ ಜೆಡಿಎಸ್ ಬಿಜೆಪಿ ಜತೆ ಸೇರಿ ಎಚ್.ಡಿ. ಕುಮಾರಸ್ವಾಮಿ ಮಂಡ್ಯದಿಂದ ಗೆದ್ರು, ಸುಮಲತಾ ಬಿಜೆಪಿ ಸೇರಿದ್ರು, ಕಾಂಗ್ರೆಸ್ ಎದುರು ಪಾಳಯಕ್ಕೆ ಹೋಯ್ತು. ಅಂದ್ರೆ ಎಲ್ರ ಜಾಗನೂ ಬದಲಾಯ್ತು. 2019ರಲ್ಲಿ ಬ್ಲಾಕ್ ಮಾಡ್ಕೊಂಡ ಭಾವ ಬಾಮೈದ ಮಾತ್ರ ಇನ್ನೂ ಅನ್‌ಬ್ಲಾಕ್ ಮಾಡಿಲ್ಲ. ಗ್ರೂಪ್ ಬಿಸಿಯಾದಾಗ ಇದನ್ನ ನೆನಪಿಸಿ, ಯಾವ ಪಕ್ಷದವ್ರಿಗೂ ನೋವಾಗಲ್ಲ, ಯಾಕಂದ್ರೆ ಎಲ್ಲಾ ಪಕ್ಷದವ್ರ ವಿಷಯನೂ ಇದೇ.

ಇನ್ನು ಬೈಗುಳದ ಜಾಗಕ್ಕೆ ಅಂಕಿ ತಂದಿಡೋದು. ಕಾವೇರಿ ವಿಷಯಕ್ಕೆ ಇದು ಚೆನ್ನಾಗಿ ನಡೆಯುತ್ತೆ. 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಲ್ಲಿ ಕರ್ನಾಟಕದ ಪಾಲಿಗೆ 14.75 ಟಿಎಂಸಿ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ ನೀರು) ಜಾಸ್ತಿಯಾಗಿ 284.75 ಆಯ್ತು, ಗಡಿಯ ಬಿಳಿಗುಂಡ್ಲುವಿನಲ್ಲಿ ನಾವು ತಮಿಳುನಾಡಿಗೆ ಬಿಡಬೇಕಾದ್ದು 192ರಿಂದ 177.25 ಟಿಎಂಸಿಗೆ ಇಳೀತು. ಇದು ಮಳೆ ಸರಿಯಾಗಿ ಬಂದ ವರ್ಷದ ಲೆಕ್ಕ. ಮಳೆ ಕೈಕೊಟ್ಟ ವರ್ಷ ಕಷ್ಟನ ಹೆಂಗೆ ಹಂಚ್ಕೊಳೋದು ಅನ್ನೋದೇ ಇನ್ನೂ ಬಗೆಹರಿದೆ ಇರೋದು, 2023ರಲ್ಲಿ ಮಂಡ್ಯ ಬೀದಿಗಿಳಿದದ್ದೂ ಅದಕ್ಕೇ. ಯಾರೋ "5000 ಕ್ಯೂಸೆಕ್ ಬಿಟ್ರು, ಡ್ಯಾಮ್ ಖಾಲಿ" ಅಂತ ಹಾಕಿದ್ರೆ ಲೆಕ್ಕ ಹಾಕಿ ತೋರ್ಸಿ, ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದ್ರೆ ಒಂದು ಟಿಎಂಸಿ, ಅಂದ್ರೆ 5000 ಕ್ಯೂಸೆಕ್ ಹದಿನೈದು ದಿನಕ್ಕೆ ಆರೂವರೆ ಟಿಎಂಸಿ ಹತ್ರ. 124.80 ಅಡಿ ತುಂಬಿದ ಕೆಆರ್‌ಎಸ್‌ಗೆ ಅದು ದೊಡ್ಡದಲ್ಲ, ಬತ್ತಿದ ಕೆಆರ್‌ಎಸ್‌ಗೆ ದೊಡ್ಡದೇ. ಈಗ ವಾದ ಮಾಡ್ಲಿ, ವಾದಕ್ಕೆ ಏನೋ ಸಿಕ್ತು. ಆದ್ರೆ ಒಂದು, ಅಂಕಿ ಕೊಟ್ಟು ಎದುರಿನವ್ನನ್ನ ದಡ್ಡ ಅಂತ ತೋರ್ಸಕ್ಕೆ ಹೋಗ್ಬೇಡಿ, ಅಂಕಿನೂ ವೇಸ್ಟ್ ಆಗುತ್ತೆ.

ಫೋಟೋ ವಿಡಿಯೋ ವಿಷಯಕ್ಕೆ ಬಂದ್ರೆ, ಎಲ್ಲಿದು ಯಾವತ್ತಿಂದು ಅಂತ ಎರಡು ಪ್ರಶ್ನೆ ಕೇಳ್ದೆ ಯಾವ್ದನ್ನೂ ಮುಂದಕ್ಕೆ ಕಳಿಸ್ಬೇಡಿ. 2024ರ ಸೆಪ್ಟೆಂಬರ್‌ನಲ್ಲಿ ನಾಗಮಂಗಲದಲ್ಲಿ ಗಣೇಶನ ಮೆರವಣಿಗೆ ಹೊತ್ತಲ್ಲಿ ಗಲಾಟೆಯಾಗಿ ಅಂಗಡಿಗಳಿಗೆ ಬೆಂಕಿ ಬಿತ್ತು. ಆದಾದ್ಮೇಲೆ ಪೊಲೀಸ್ ವ್ಯಾನಲ್ಲಿ ಗಣಪತಿ ಇರೋ ಫೋಟೋ ದೇಶ ಪೂರ್ತಿ ಓಡಾಡ್ತು. ಆ ಫೋಟೋ ತೆಗೆದದ್ದು ನಾಗಮಂಗಲದಲ್ಲಲ್ಲ, ಗಲಾಟೆ ಖಂಡಿಸಿ ಬೆಂಗಳೂರಿನಲ್ಲಿ ನಡೆದ ಪ್ರತಿಭಟನೇಲಿ. ಪೊಲೀಸ್ರು ಮಾಡಿದ್ದು ಸರಿನಾ ತಪ್ಪಾ ಅಂತ ಯಾರ್ ಬೇಕಾದ್ರೂ ವಾದ ಮಾಡ್ಬೋದು, ಆದ್ರೆ ಜಾಗ ಗೊತ್ತಿದ್ರೆ ಆ ವಾದ ಬೆಂಗಳೂರಿನ ಪೊಲೀಸ್ರ ಮೇಲೆ ಇರುತ್ತೆ, ಗೊತ್ತಿಲ್ದಿದ್ರೆ ನಾಗಮಂಗಲದ ಪಕ್ಕದ ಬೀದಿ ಮೇಲೆ ಹೋಗುತ್ತೆ. ಹಂಗೇ ಕಾವೇರಿ ಗಲಾಟೆ ಶುರುವಾದಾಗ ಬಸ್ ಉರೀತಿರೋ ವಿಡಿಯೋ ಬಂದ್ರೆ ಅದು 2016ರ ಸೆಪ್ಟೆಂಬರ್‌ದಾ ಅಂತ ಮೊದಲು ನೋಡಿ. ವಿಡಿಯೋ ನಿಲ್ಸಿ ಒಂದು ಸ್ಕ್ರೀನ್‌ಶಾಟ್ ತೆಗ್ದು ಗೂಗಲ್ ಲೆನ್ಸ್‌ಗೆ ಹಾಕಿದ್ರೆ ಹಳೇದಾದ್ರೆ ಎಷ್ಟೋ ಸಲ ಸಿಕ್ಬಿಡುತ್ತೆ. ಮೆಸೇಜ್ ಮೇಲೆ ಎರಡು ಬಾಣದ ಗುರುತಿದ್ರೆ ಅದು ಐದು ಕೈಗಿಂತ ಕಮ್ಮಿ ದಾಟಿ ಬಂದದ್ದಲ್ಲ, ಕಳಿಸಿದವ್ರಿಗೂ ಅದ್ರ ಮೂಲ ಗೊತ್ತಿರಲ್ಲ. ಇದು ಸಣ್ಣ ವಿಷಯ ಅನ್ಕೋಬೇಡಿ, 2018ರಲ್ಲಿ ಮಕ್ಕಳ ಕಳ್ರು ಬಂದವ್ರೆ ಅನ್ನೋ ಸುಳ್ಳು ಫಾರ್ವರ್ಡ್‌ಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬ, ಬೀದರ್ ಜಿಲ್ಲೇಲಿ ಒಬ್ಬ ಜನರ ಕೈಯಲ್ಲಿ ಸತ್ತೋದ್ರು. ಆಮೇಲೇ ವಾಟ್ಸಾಪ್‌ನವ್ರು ಇಂಡಿಯಾದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗೆ ಮಾತ್ರ ಅಂತ ಮಿತಿ ಹಾಕಿದ್ದು.

ಅಡ್ಮಿನ್ ಆಗಿರೋರಿಗೆ ಸ್ವಲ್ಪ. ನಿಯಮ ಒಂದೇ ಇಡಿ, ಜಾತಿ ಧರ್ಮ ಹೆಂಗಸ್ರ ಮೇಲೆ ಕೀಳಾಗಿ ಬರೆದ್ರೆ ಮೆಸೇಜ್ ತೆಗೀತೀವಿ, ಎರಡನೇ ಸಲಕ್ಕೆ ಹೊರಗೆ. ಡಿಸ್ಕ್ರಿಪ್ಷನ್‌ನಲ್ಲಿ ಬರೆದಿಡಿ. ಎರಡು ಬೇರೆ ಪಕ್ಷದವ್ರನ್ನ, ಸಾಧ್ಯ ಆದ್ರೆ ಬೇರೆ ಕೇರಿಯವ್ರನ್ನ ಅಡ್ಮಿನ್ ಮಾಡಿ, ಒಬ್ನೇ ಇದ್ರೆ ಅವ್ನು ಯಾರನ್ನ ತೆಗೆದ್ರೂ ಪಕ್ಷಪಾತ ಅಂತಾರೆ. ಯಾರ ಮೆಸೇಜ್ ಆದ್ರೂ ಅಡ್ಮಿನ್ ಎಲ್ರಿಗೂ ಕಾಣದಂಗೆ ಡಿಲೀಟ್ ಮಾಡ್ಬೋದು. ರಿಸಲ್ಟ್ ದಿನ, ಗಲಾಟೆ ಆದ ದಿನ, ರಾತ್ರಿ ಹೊತ್ತು ಸೆಟ್ಟಿಂಗ್ಸ್‌ಗೆ ಹೋಗಿ ಅಡ್ಮಿನ್ ಮಾತ್ರ ಕಳಿಸೋ ಥರ ಮಾಡಿ, ಬೆಳಿಗ್ಗೆ ತೆಗೀರಿ. ಹೊರಗೆ ಹಾಕೋಕೆ ಮುಂಚೆ ಒಂದು ಕಾಲ್ ಮಾಡಿ ಹೇಳಿ, ಹೇಳ್ದೆ ತೆಗೆದ್ರೆ ಅವ್ರು ಅದೇ ಊರಲ್ಲಿ ಇನ್ನೊಂದು ಗ್ರೂಪ್ ಮಾಡ್ತಾರೆ, ಅಲ್ಲಿ ತಡೆಯೋರು ಯಾರೂ ಇರಲ್ಲ. ಯಾರೋ ಹಾಕಿದ್ದಕ್ಕೆ ನನ್ ಮೇಲೆ ಕೇಸ್ ಆಗುತ್ತೇನೋ ಅಂತ ಹೆದರೋ ಅಡ್ಮಿನ್‌ಗಳು ಇದ್ದಾರೆ, ಅಡ್ಮಿನ್ ಅನ್ನೋ ಒಂದೇ ಕಾರಣಕ್ಕೆ ಬೇರೆಯವ್ರ ಮೆಸೇಜ್‌ಗೆ ಹೊಣೆ ಆಗಲ್ಲ ಅಂತ 2021ರಲ್ಲಿ ಬಾಂಬೆ ಹೈಕೋರ್ಟ್, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ.

ಮಾತು ಬೆದರಿಕೆಗೆ ಹೋದ್ರೆ, "ನಾಳೆ ಎಲ್ರೂ ಸೇರಿ ಆ ಬೀದಿಗೆ ನುಗ್ಗೋಣ" ಅನ್ನೋ ಥರ ಬಂದ್ರೆ, ಆಗ ಮಾವ ಭಾವ ಅಂತ ನೋಡೋ ಹೊತ್ತಲ್ಲ. ಡಿಲೀಟ್ ಮಾಡೋಕೆ ಮುಂಚೆ ಸ್ಕ್ರೀನ್‌ಶಾಟ್ ತೆಗೀರಿ, ನಂಬರ್, ತಾರೀಕು, ಟೈಮ್ ಕಾಣೋ ಹಂಗೆ. ಕೂಡಲೇ ಆಗೋ ಹಂಗಿದ್ರೆ 112, ಇಲ್ಲಾಂದ್ರೆ ಸ್ಟೇಷನ್ ಅಥವಾ ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್. ಗುಂಪುಗಳ ನಡುವೆ ದ್ವೇಷ ಹುಟ್ಟಿಸೋದಕ್ಕೆ ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್ ಇದೆ, ಮೂರು ವರ್ಷದ ತನಕ ಶಿಕ್ಷೆ. ದಲಿತರನ್ನ ಜಾತಿ ಹಿಡ್ದು ಅವಮಾನ ಮಾಡಿದ್ರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಆದ್ರೆ ಸರ್ಕಾರನ ಟೀಕಿಸಿದವ್ರ ಮೇಲೆ, ನಿಮ್ ನಾಯಕನ್ನ ಆಡ್ಕೊಂಡವ್ರ ಮೇಲೆ ಕೇಸ್ ಹಾಕ್ತೀನಿ ಅಂತ ಓಡ್ಬೇಡಿ. ಜನರ ಬಾಯಿ ಮುಚ್ಚಿಸೋಕೆ ಬಳಕೆ ಆಗ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್‌ನ ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ, ಮತ್ತೆ ಪ್ರತಿ ಮಾತಿಗೂ ಸ್ಟೇಷನ್ ಅಂದ್ರೆ ಊರಲ್ಲಿ ಯಾರೂ ನಿಮ್ ಮುಂದೆ ಬಾಯಿ ಬಿಡಲ್ಲ.

ಎಲ್ಲಾ ಮಾಡಿನೂ ಆಗ್ಲಿಲ್ಲ, ದಿನಾ ನಿದ್ದೆ ಕೆಡ್ತಿದೆ ಅಂದ್ರೆ ಮೊದಲು ಮ್ಯೂಟ್ ಮಾಡಿ, ಆರ್ಕೈವ್‌ಗೆ ಹಾಕಿ. ಅದೂ ಸಾಲ್ಲಿಲ್ಲ ಅಂದ್ರೆ ಹೊರಗೆ ಬನ್ನಿ, ಈಗ ಹೊರಗೆ ಹೋದ್ರೆ ಗ್ರೂಪಿಗೆಲ್ಲ ಸುದ್ದಿ ಹೋಗಲ್ಲ, ಅಡ್ಮಿನ್‌ಗೆ ಮಾತ್ರ ಹೋಗುತ್ತೆ. ಉದ್ದುದ್ದ ಬರೆದು ಎಲ್ರಿಗೂ ಬೈದು ಹೋಗ್ಬೇಡಿ. ಅಡ್ಮಿನ್‌ಗೆ ಕಾರಣ ಹೇಳಿ, ಊರಬ್ಬದ ವಂತಿಗೆ, ಸಾವು, ಮದುವೆ ಸುದ್ದಿ ಇದ್ರೆ ನನಗೆ ಬೇರೆ ಕಳ್ಸು ಅಂತ ಯಾರಾದ್ರೂ ಒಬ್ರಿಗೆ ಹೇಳಿಟ್ಟಿರಿ.