‘ಕೇಸ್ ಹಾಕ್ತೀವಿ’ ಅಂದಾಗ ಹೆದರಬ್ಯಾಡ್ರಿ, ಮೊದಲು ಕಾಗದ ನೋಡ್ರಿ

ತೊಗರಿ ಕೈಕೊಟ್ಟ ವರ್ಷ ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ, ಕಿರುಸಾಲ (ಮೈಕ್ರೋಫೈನಾನ್ಸ್) ಕಂಪನಿಯಿಂದ ಸಂಘದ ಮೂಲಕ ಪಡೆದ ಸಾಲದ ಕಂತು ತಪ್ಪುತ್ತದೆ. ಆಮೇಲೆ ಬಾಗಿಲಿಗೆ ಬೈಕ್ ಬಂದು ನಿಲ್ಲುತ್ತದೆ. ‘ರೊಕ್ಕ ಕಟ್ಟಲಿಲ್ಲಂದ್ರ ಕೇಸ್ ಹಾಕ್ತೀವಿ, ಜೈಲಿಗೆ ಹೋಗ್ತೀರಿ’ ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಾರೆ. ಈ ಮಾತಿಗೇ ಬೆದರಿ ತಾಳಿ ಒತ್ತೆಯಿಟ್ಟವರಿದ್ದಾರೆ, ಇನ್ನೊಂದು ಸಾಲ ತಂದು ಈ ಕಂತು ಕಟ್ಟಿದವರಿದ್ದಾರೆ, ಮನೆಗೆ ಬೀಗ ಹಾಕಿ ಗುಳೆ ಹೋದವರೂ ಇದ್ದಾರೆ.

ಸಾಲ ತೀರಿಸಲಾಗದಿರುವುದು ಅಪರಾಧವಲ್ಲ, ಅದು ಸಿವಿಲ್ ವ್ಯಾಜ್ಯ. ಕಂತು ಬಾಕಿ ಇದೆಯೆಂಬ ಒಂದೇ ಕಾರಣಕ್ಕೆ ಪೊಲೀಸರು ಬಂಧಿಸುವಂತಿಲ್ಲ. ಹಣದ ಡಿಕ್ರಿ, ಅಂದರೆ ಹಣ ಕಟ್ಟಬೇಕೆಂಬ ಕೋರ್ಟಿನ ತೀರ್ಪು, ಆದ ಮೇಲೂ ಅದಕ್ಕಾಗಿ ಹೆಂಗಸನ್ನು ಸೆರೆಯಲ್ಲಿಡುವಂತಿಲ್ಲ ಎನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಂ. 60ನೇ ಕಲಂನಲ್ಲಿ ಜಪ್ತಿ ಮಾಡಬಾರದ ವಸ್ತುಗಳ ಪಟ್ಟಿಯೇ ಇದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ರೈತನ ಒಕ್ಕಲುತನದ ಸಾಮಾನು, ಅದರ ಜೊತೆಗೆ ಧರ್ಮದ ಪದ್ಧತಿಯಂತೆ ಹೆಣ್ಣುಮಗಳು ಮೈಮೇಲಿಂದ ತೆಗೆಯಲಾಗದ ಒಡವೆ. ವಸೂಲಿಯವರು ಕಣ್ಣಿಡುವ ತಾಳಿಗೆ ಕಾನೂನಿನ ರಕ್ಷಣೆ ಇದೆ. ಇದನ್ನು ಪ್ರತಿ ಸಂಘದ ಸಭೆಯಲ್ಲೂ ಓದಿ ಹೇಳಬೇಕು.

ವಸೂಲಿಗೆ ಬಂದವರ ಗುರುತಿನ ಚೀಟಿ ಕೇಳಿ, ಹೆಸರು, ತಾರೀಖು, ವೇಳೆ ಬರೆದಿಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಿರುಸಾಲದ ವಸೂಲಿ ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ನಡೆಯಬಾರದು. ಬೈಯುವುದು, ನೆಂಟರನ್ನು ಕಾಡುವುದು, ಸಾಲಗಾರರ ಹೆಸರು ಬಹಿರಂಗ ಮಾಡುವುದು ನಿಷಿದ್ಧ. ಸಾಲ ಕಟ್ಟದಿದ್ದರೆ ಆಗುವ ಪರಿಣಾಮದ ಬಗ್ಗೆ ದಾರಿ ತಪ್ಪಿಸುವುದೂ ನಿಷಿದ್ಧವೇ. ಅಂದರೆ ‘ಜೈಲಿಗೆ ಹಾಕಿಸ್ತೀವಿ’ ಎಂಬ ಸುಳ್ಳೇ ಒಂದು ತಪ್ಪು.

ಇನ್ನು ಕಾಗದದ ವಿಷಯ. ಎಡವುವವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ.

ವಕೀಲರ ನೋಟಿಸು ಕೋರ್ಟಿನ ಆದೇಶವಲ್ಲ, ಕಂಪನಿಯ ಪರವಾಗಿ ವಕೀಲರು ಬರೆದ ಪತ್ರ. ಲೆಕ್ಕ ತಪ್ಪಿದ್ದರೆ ಸಾಲದ ಪೂರ್ತಿ ವಿವರ ಕೇಳಿ ಸ್ಪೀಡ್ ಪೋಸ್ಟಿನಲ್ಲಿ ಉತ್ತರ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಲೋಕ ಅದಾಲತ್‌ನ ನೋಟಿಸು ರಾಜಿಗೆ ಕರೆ. ಹೋಗುವುದು ಒಳ್ಳೆಯದು, ಬಡ್ಡಿ ಇಳಿಸಲು ಕೇಳಬಹುದು. ಆದರೆ ಒಪ್ಪಿ ಸಹಿ ಹಾಕಿದರೆ ಅದು ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಹೊಲದ ಆದಾಯಕ್ಕೆ ಹೊಂದುವ ಕಂತಿಗಷ್ಟೇ ಒಪ್ಪಿ.

ಸಮನ್ಸ್, ಅಂದರೆ ಹಾಜರಾಗಲು ಕೋರ್ಟಿನ ಕರೆ, ಬಂದರೆ ಮಾತ್ರ ತಡ ಮಾಡಬೇಡಿ. ಅದರಲ್ಲಿ ಕೋರ್ಟಿನ ಮೊಹರು, ಕೇಸ್ ನಂಬರ್, ಹಾಜರಾಗುವ ತಾರೀಖು ಇರುತ್ತವೆ. ವಾಟ್ಸ್ಆ್ಯಪಿನಲ್ಲಿ ‘ವಾರಂಟ್’ ಅಂತ ಏನಾದರೂ ಬಂದರೆ ಅದರಲ್ಲಿರುವ ಕೇಸ್ ನಂಬರನ್ನು ಕೋರ್ಟ್ ಕೇಸುಗಳ ವಿವರ ತೋರಿಸುವ ಇ-ಕೋರ್ಟ್ಸ್ ಆ್ಯಪಿನಲ್ಲಿ ಹುಡುಕಿ ನೋಡಿ. ನಿಜವಾದ ಸಮನ್ಸನ್ನು ಹೆದರಿ ವಾಪಸ್ ಕಳಿಸುವುದು, ಊರು ಬಿಡುವುದು ಬಲು ದೊಡ್ಡ ತಪ್ಪು. ನೀವು ಹೋಗದಿದ್ದರೆ ಕಂಪನಿ ಹೇಳಿದ ಲೆಕ್ಕಕ್ಕೇ ಏಕಪಕ್ಷೀಯ ಡಿಕ್ರಿ ಆಗಬಹುದು. ಸಮನ್ಸ್ ಕೈಸೇರಿದ 30 ದಿನದೊಳಗೆ ಲಿಖಿತ ಹೇಳಿಕೆ, ಅಂದರೆ ದಾವೆಗೆ ನಿಮ್ಮ ಉತ್ತರ, ಸಲ್ಲಿಸಬೇಕು.

ಚೆಕ್ ಕೊಟ್ಟಿದ್ದರೆ ದಾರಿ ಬೇರೆ. ಚೆಕ್ ಬೌನ್ಸ್ ಕ್ರಿಮಿನಲ್ ಪ್ರಕರಣವಾಗುತ್ತದೆ. ನೋಟಿಸು ಕೈಸೇರಿದ 15 ದಿನದೊಳಗೆ ಹಣ ಕಟ್ಟಬೇಕು, ಇಲ್ಲವೇ ಕೂಡಲೇ ವಕೀಲರನ್ನು ಕಾಣಬೇಕು. ಅದಕ್ಕೇ ಖಾಲಿ ಚೆಕ್ಕಿಗೆ ಎಂದೂ ಸಹಿ ಮಾಡಬೇಡಿ. ಹಳೇ ಸಾಲದ ಹೆಸರಲ್ಲಿ ಏಜೆಂಟ್ ತಂದ ಕಾಗದಕ್ಕೂ ಓದದೆ ಸಹಿ ಬೇಡ. ಕೈಸಾಲಕ್ಕೆ ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹಾಕಬೇಕು, ನಿಮ್ಮ ಲಿಖಿತ ಒಪ್ಪಿಗೆ ಆ ಅವಧಿಯನ್ನು ಮತ್ತೆ ಮೊದಲಿನಿಂದ ಶುರು ಮಾಡಬಲ್ಲದು.

ಕಿರುಕುಳದ ದೂರನ್ನು ಮೊದಲು ಕಂಪನಿಗೇ ಬರವಣಿಗೆಯಲ್ಲಿ ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕವಿಲ್ಲ. ಸಹಾಯವಾಣಿ 14448. ಮನೆಗೆ ನುಗ್ಗಿದರೆ, ಕೈಮಾಡಿದರೆ 112ಕ್ಕೆ ಕರೆ ಮಾಡಿ. ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ತಂದ ಕಾನೂನಿನಡಿ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡವಿದೆ. ‘ದೂರು ತಗೊಳ್ಳಲ್ಲ’ ಎನ್ನುವಂತಿಲ್ಲ ಪೊಲೀಸರು.

ವಕೀಲರ ಫೀಸಿಗೆ ರೊಕ್ಕ ಎಲ್ಲಿಂದ ತರೋಣ ಎನ್ನಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಕರೆ ಮಾಡಿ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ತಾಲ್ಲೂಕಿನವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಆಧಾರ್, ಕಂತಿನ ಪುಸ್ತಕ, ರಸೀದಿಗಳು, ಬಂದ ನೋಟಿಸು, ಅದು ಬಂದ ಲಕೋಟೆ, ಎಲ್ಲವನ್ನೂ ಒಂದೇ ಚೀಲದಲ್ಲಿ ಒಯ್ಯಿರಿ.