ಓಬವ್ವನ ಒತ್ತಕ್ಷರ ಕತ್ತರಿಸಿಹೋಗಿತ್ತು

ಚಿತ್ರದುರ್ಗದ ಕೋಟೆ ಬಗ್ಗೆ ವೆಬ್‌ಸೈಟ್ ಮಾಡಿ ಮೊದಲು ತೋರಿಸಿದ್ದು ಹೈಸ್ಕೂಲಿನಲ್ಲಿ ನನಗೆ ಇತಿಹಾಸ ಕಲಿಸಿದ ಮೇಷ್ಟ್ರಿಗೆ. ಅವರಿಗೆ ಈಗ ಕಣ್ಣು ಕಾಣುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಎಂಬ, ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಹಾಕಿಕೊಂಡು ಕನ್ನಡ ಓದಿಸಿಕೊಳ್ಳುತ್ತಾರೆ. ಪುಟ ತೆರೆದು, ಮುಂದಿನ ಶೀರ್ಷಿಕೆಗೆ ಹಾರಲು ಎಚ್ ಕೀ ಒತ್ತಿದರು. ಮುಂದೆ ಶೀರ್ಷಿಕೆ ಇಲ್ಲ ಎಂದಿತು. ಮತ್ತೆ ಒತ್ತಿದರು, ಅದೇ ಉತ್ತರ.

"ಮೊದಲಿಂದ ಕೊನೇವರೆಗೂ ಕೇಳ್ಬೇಕೇನಪ್ಪಾ? ಹೊಂಡದ ಹತ್ರ ನೇರ ಹೋಗೋದು ಹೆಂಗೆ?"

ಶೀರ್ಷಿಕೆಗಳೇನೋ ಇದ್ದವು, ಆದರೆ ನೋಡುವವರಿಗೆ ಮಾತ್ರ. ಎಲ್ಲವನ್ನೂ ಡಿವ್ ಎಂಬ, ಶೀರ್ಷಿಕೆಯೆಂದು ಗುರುತು ಹೇಳದ ಬರೀ ಪೆಟ್ಟಿಗೆಯ ಒಳಗೆ ಹಾಕಿ, ಅಕ್ಷರ ದೊಡ್ಡದು ಮಾಡಿ ಬೋಲ್ಡ್ ಕೊಟ್ಟಿದ್ದೆ. ಮನೆಗೆ ಬಂದವನೇ ಕಾಗದದ ಮೇಲೆ ಪರಿವಿಡಿ ಬರೆದು, ಶೀರ್ಷಿಕೆಯ ಮಟ್ಟ ಹೇಳುವ ಎಚ್1, ಎಚ್2, ಎಚ್3 ಗುರುತು ಹಚ್ಚಿದೆ: ಚಿತ್ರದುರ್ಗದ ಕೋಟೆ ಎಚ್1, ಬಾಗಿಲುಗಳು, ಹೊಂಡಗಳು, ದೇವಸ್ಥಾನಗಳು ಎಚ್2, ಹೊಂಡಗಳ ಕೆಳಗೆ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ ಎಚ್3. ಅಕ್ಷರ ಸಣ್ಣದು ಬೇಕೆಂದು ಎಚ್2 ಬಿಟ್ಟು ಎಚ್4 ಹಾಕುವ ಹಳೇ ಚಾಳಿಯನ್ನೂ ಬಿಟ್ಟೆ. ಅಳತೆಯನ್ನು ಪುಟದ ಅಂದಚಂದ ಹೇಳುವ ಸಿಎಸ್ಎಸ್ ನೋಡಿಕೊಳ್ಳಲಿ. ಟೆಂಪ್ಲೇಟಿನಲ್ಲಿ ಪುಟದ ಭಾಷೆ ಇಂಗ್ಲಿಷ್ ಎಂದೇ ಉಳಿದಿತ್ತು, ಓದುವ ತಂತ್ರಾಂಶ ಸರಿಯಾದ ಧ್ವನಿ ಆರಿಸಲೆಂದು ಅದನ್ನು ಕನ್ನಡ ಮಾಡಿದೆ.

ಮೊಬೈಲಿನದು ಬೇರೆಯೇ ಪಾಡು. 960 ಪಿಕ್ಸೆಲ್ ಅಗಲ ಕಟ್ಟಿಹಾಕಿದ್ದರಿಂದ ಪುಟ ಅಡ್ಡಡ್ಡ ಸರಿಯುತ್ತಿತ್ತು. ಒಂದೊಂದು ಜಾಗದ ಮಾಹಿತಿಯಿರುವ ಪೆಟ್ಟಿಗೆಗಳನ್ನು, ಅಂದರೆ ಕಾರ್ಡ್‌ಗಳನ್ನು, ಜೋಡಿಸುವ ಗ್ರಿಡ್‌ಗೆ ಆಟೋ-ಫಿಟ್, ಮಿನ್‌ಮ್ಯಾಕ್ಸ್ ಕೊಟ್ಟು ಒಂದೊಂದರ ಅಗಲ ಕನಿಷ್ಠ 16 ರೆಮ್ (ಪುಟದ ಮೂಲ ಅಕ್ಷರದ ಅಳತೆಯ 16 ಪಟ್ಟು) ಎಂದೆ. ಜಾಗವಿದ್ದಷ್ಟು ಕಾರ್ಡ್‌ಗಳು ಪಕ್ಕಪಕ್ಕ ನಿಂತು, ಉಳಿದವು ಕೆಳಗಿಳಿದವು. ಮೆನು ಮಾತ್ರ ಹಟ ಹಿಡಿಯಿತು. ಅದನ್ನು ಜೋಡಿಸಿದ್ದ ಫ್ಲೆಕ್ಸ್ ಎಂಬ ಸಿಎಸ್ಎಸ್ ವಿಧಾನದಲ್ಲಿ ಒಳಗಿನ ಪೆಟ್ಟಿಗೆ ತಾನಾಗಿ ತನ್ನಲ್ಲಿರುವ ಅತಿ ಉದ್ದದ ಪದಕ್ಕಿಂತ ಕಿರಿದಾಗುವುದಿಲ್ಲ. ಸಂಧಿ ಸಮಾಸಗಳ ನಮ್ಮ ಭಾಷೆಗೆ ಇದು ದಿನನಿತ್ಯದ ತೊಡಕು. ಮಿನ್-ವಿಡ್ತ್, ಅಂದರೆ ಕನಿಷ್ಠ ಅಗಲ, ಸೊನ್ನೆ ಮಾಡಿ, ಸಾಲು ಮುರಿದು ಕೆಳಗಿಳಿಯಲು ಫ್ಲೆಕ್ಸ್-ವ್ರ್ಯಾಪ್ ಹಾಕಿದ ಮೇಲೆ ಬಗ್ಗಿತು.

ನನ್ನನ್ನು ಹೆಚ್ಚು ಕಾಡಿದ್ದು ಒನಕೆ ಓಬವ್ವನ ಕಿಂಡಿಯ ಕಾರ್ಡ್. ಶೀರ್ಷಿಕೆಗೆ ಎತ್ತರ ಇಷ್ಟೇ ಎಂದು ನಿಗದಿ ಮಾಡಿ, ಮೀರಿದ್ದನ್ನು ಮರೆಮಾಡಿದ್ದೆ. 'ವ್ವ'ದ ಒತ್ತು ಕತ್ತರಿಸಿಹೋಗಿ 'ಓಬವ' ಎಂದು ಕಾಣುತ್ತಿತ್ತು. ದುರ್ಗದಲ್ಲೇ ಕೂತು ಆ ಹೆಸರನ್ನು ಹಾಗೆ ಬಿಡಲು ಮನಸ್ಸು ಒಪ್ಪಲಿಲ್ಲ. ಎತ್ತರ ನಿಗದಿ ಮಾಡಿದ್ದ ಕೋಡ್ ಸಾಲನ್ನೇ ಅಳಿಸಿ, ಸಾಲಿನ ಎತ್ತರ ಹೇಳುವ ಲೈನ್-ಹೈಟನ್ನು ಅಕ್ಷರದ ಅಳತೆಯ 1.7 ಪಟ್ಟು ಮಾಡಿದೆ. ಇಂಗ್ಲಿಷಿಗೆ ಸಾಕಾಗುವ 1.2 ನಮ್ಮ ಒತ್ತಕ್ಷರಗಳಿಗೆ ಇಕ್ಕಟ್ಟು.

ಮತ್ತೆ ಮೇಷ್ಟ್ರ ಮನೆಗೆ ಹೋದೆ. ಅವರು ಎಚ್3 ಶೀರ್ಷಿಕೆಗೆ ಹಾರುವ 3 ಕೀ ಒತ್ತಿದರು, ನೇರ ಗೋಪಾಲಸ್ವಾಮಿ ಹೊಂಡಕ್ಕೆ ಹೋಯಿತು. ಪೂರ್ತಿ ಕೇಳಿ, "ಇದು ತುಂಬಿದ್ರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳೀತದೆ, ಅದನ್ನ ಬರೀಲೇ ಇಲ್ಲವಲ್ಲಪ್ಪಾ" ಎಂದರು. ಅಲ್ಲೇ ಕೂತು ಆ ಸಾಲು ಸೇರಿಸಿದೆ.