ಆಮ್‌ಸ್ಟರ್‌ಡ್ಯಾಮಿನಲ್ಲಿ ಬಾಡಿಗೆ ಸೈಕಲ್: ಹಿಂದಕ್ಕೆ ತುಳಿದರೆ ನಿಂತುಬಿಡುತ್ತದೆ, ಹುಷಾರು!

ಆಮ್‌ಸ್ಟರ್‌ಡ್ಯಾಮಿಗೆ ಅಂಟಿಕೊಂಡೇ ಇರುವ ಆಮ್‌ಸ್ಟಲ್‌ವೇನಿನಲ್ಲಿ ನಮ್ಮ ಮನೆ. ಬೇಸಿಗೆ ಬಂತೆಂದರೆ ಊರಿಂದ ನೆಂಟರು ಬರುತ್ತಾರೆ. ಬಂದವರೆಲ್ಲ ಎರಡನೇ ದಿನವೇ ಕೇಳುವುದು ಸೈಕಲ್. "ನಮಗೇನು ಸೈಕಲ್ ಗೊತ್ತಿಲ್ವಾ, ಒಳಪೆಡಲ್ ಹೊಡೆದು ಕಲಿತವರು ನಾವು" ಅನ್ನುತ್ತಾರೆ. ಹೋದ ವರ್ಷ ದಾವಣಗೆರೆಯಿಂದ ಬಂದ ಭಾವನೂ ಹೀಗೇ ಅಂದಿದ್ದರು. ಅಂಗಡಿಯಿಂದ ಇಪ್ಪತ್ತು ಅಡಿ ದಾಟುವಷ್ಟರಲ್ಲಿ ಸೈಕಲ್ ನಡುದಾರಿಯಲ್ಲಿ ಗಕ್ಕನೆ ನಿಂತಿತು. ಹಿಂದಿದ್ದ ಹೆಂಗಸು, ಮುಂದಿನ ಸೀಟಿನಲ್ಲಿ ಮಗು ಕೂರಿಸಿಕೊಂಡಿದ್ದವಳು, ಕೂದಲೆಳೆಯಲ್ಲಿ ತಪ್ಪಿಸಿಕೊಂಡಳು. ಆಮೇಲೆ ಅವಳು ಡಚ್‌ನಲ್ಲಿ ಏನಂದಳೆಂದು ನಾನು ಭಾವನಿಗೆ ಹೇಳಲಿಲ್ಲ.

ಬಾಡಿಗೆಗೆ ತೆಗೆದುಕೊಳ್ಳುವುದು ಕಷ್ಟವೇ ಅಲ್ಲ. ಕಷ್ಟ ಇರುವುದು ಆಮೇಲಿನ ಹತ್ತು ನಿಮಿಷದಲ್ಲಿ.

ಅಂಗಡಿ ಹುಡುಕುವುದು

ಸೆಂಟ್ರಲ್ ಸ್ಟೇಷನ್ ಸುತ್ತ, ಲೈಡ್ಸೆಪ್ಲೇನ್ ಹತ್ತಿರ, ಮ್ಯೂಸಿಯಂಗಳ ಕಡೆ, ಎಲ್ಲ ಕಡೆ ಅಂಗಡಿಗಳಿವೆ. ದಿನಕ್ಕೆ ಸುಮಾರು 10ರಿಂದ 15 ಯೂರೋ. ಸ್ಟೇಷನ್‌ಗಳಲ್ಲಿ ಸಾಲಾಗಿ ನಿಂತಿರುವ ನೀಲಿ-ಹಳದಿ ಸೈಕಲ್ ನೋಡಿ ಆಸೆ ಪಡಬೇಡಿ. ಅದು ಓವಿ-ಫೀಟ್ಸ್, ಮುಖ್ಯವಾಗಿ ಇಲ್ಲಿ ವಾಸ ಇರುವ ರೈಲು ಪ್ರಯಾಣಿಕರಿಗೆ ಮಾಡಿರುವ ವ್ಯವಸ್ಥೆ. ಆ್ಯಪ್‌ನಲ್ಲಿ ಬೀಗ ತೆರೆಯುವ ಸೈಕಲ್‌ಗಳೂ ಇವೆ. ಆದರೆ ಮೊದಲ ಸಲ ಬಂದವರಿಗೆ ನಾನು ಅಂಗಡಿಯನ್ನೇ ಹೇಳುತ್ತೇನೆ. ಸೀಟು ಇಳಿಸಿಕೊಡಲು ಒಬ್ಬ ಮನುಷ್ಯ ಬೇಕಲ್ವಾ?

ಅಡವಾಗಿ ಪಾಸ್‌ಪೋರ್ಟ್ ಕೊಡಬೇಡಿ. ಕ್ರೆಡಿಟ್ ಕಾರ್ಡ್ ಮೇಲೆ ಹಣ ಹಿಡಿದಿಟ್ಟುಕೊಳ್ಳುವ ಅಂಗಡಿಗೇ ಹೋಗಿ. ಕಳವಿನ ವಿಮೆ ಬೇಕಾ ಅಂತ ಕೇಳಿದರೆ ಹಾಕಿಸಿ, ಎರಡು ಮಾತಿಲ್ಲ.

ಯಾವ ಸೈಕಲ್?

ಡಚ್ಚರು ಜಗತ್ತಿನಲ್ಲೇ ಎತ್ತರದ ಜನ, ಸೈಕಲ್ಲೂ ಹಾಗೇ. ಅಂಗಡಿಯವನು ನಿಮ್ಮನ್ನು ನೋಡದೆ ಕೈಗೆ ಸಿಕ್ಕಿದ್ದನ್ನು ತಳ್ಳಿಕೊಂಡು ಬರುತ್ತಾನೆ. ಚಿಕ್ಕ ಫ್ರೇಮ್ ಕೇಳಿ. ಗಂಡಸರೂ ನಾಚಿಕೆ ಬಿಟ್ಟು 'ಒಮಾಫೀಟ್ಸ್', ಅಂದರೆ ಅಜ್ಜಿ ಸೈಕಲ್, ತೆಗೆದುಕೊಳ್ಳಿ. ಅದರಲ್ಲಿ ಅಡ್ಡ ಕಂಬಿ ಇರುವುದಿಲ್ಲ, ಅವಸರದಲ್ಲಿ ಇಳಿಯಲು ಸುಲಭ. ಸೀಟಿನ ಮೇಲೆ ಕೂತಾಗ ಎರಡೂ ಕಾಲಿನ ತುದಿ ನೆಲಕ್ಕೆ ತಾಗಬೇಕು. ಪೆಡಲ್ ಕೆಳಗೆ ಹೋದಾಗ ಮಂಡಿ ಹೆಚ್ಚುಕಮ್ಮಿ ನೇರವಾಗುವ ಹಾಗೆ ಸೀಟು ಎತ್ತರ ಇರಬೇಕೆಂದು ಸೈಕಲ್ ಪಂಡಿತರು ಹೇಳುತ್ತಾರೆ. ಅದೆಲ್ಲ ನಾಳೆ ನೋಡಿಕೊಳ್ಳಿ.

ಗೇರಿಗೆಂದು ಜಾಸ್ತಿ ದುಡ್ಡು ಕೊಡುವ ಅಗತ್ಯವಿಲ್ಲ. ಊರು ಚಪ್ಪಟೆ, ಏರೆಂದರೆ ಕಾಲುವೆ ಸೇತುವೆಗಳಷ್ಟೇ. ಆದರೆ ಕೈಬ್ರೇಕಿಗೆ ಖಂಡಿತ ಕೊಡಿ. ಸಾಮಾನ್ಯವಾಗಿ ಮೂರು ಗೇರಿನ ಸೈಕಲ್‌ನಲ್ಲಿ ಕೈಬ್ರೇಕ್ ಸೇರಿಯೇ ಬರುತ್ತದೆ. ಸುಮ್ನೆ ಎರಡು-ಮೂರು ಯೂರೋ ಉಳಿಸಲು ಹೋಗಬೇಡಿ.

ಬ್ರೇಕ್: ಇಲ್ಲಿ ನಿಧಾನವಾಗಿ ಓದಿ

ನಮ್ಮೂರ ಸೈಕಲ್‌ನಲ್ಲಿ ಇಳಿಜಾರು ಬಂದರೆ ಏನು ಮಾಡುತ್ತೇವೆ? ತುಳಿಯುವುದು ಬಿಟ್ಟು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತೇವೆ. ಟಿಕ್ ಟಿಕ್ ಟಿಕ್ ಅನ್ನುತ್ತದೆ. ಕೆಲಸವೇನೂ ಇಲ್ಲ, ಕಾಲಿಗೊಂದು ಚಟ. ಇಲ್ಲಿನ ಅಗ್ಗದ ಬಾಡಿಗೆ ಸೈಕಲ್‌ಗಳಲ್ಲಿ ಆ ಟಿಕ್ ಟಿಕ್ ಇಲ್ಲ. ಬ್ರೇಕ್ ಇರುವುದು ಹಿಂದಿನ ಚಕ್ರದ ನಡುವಿನ ಗುಂಬದೊಳಗೆ, ಅಂದರೆ ಹಬ್‌ನಲ್ಲಿ. ಪೆಡಲನ್ನು ಹಿಂದಕ್ಕೆ ಒತ್ತಿದರೆ ಅದು ಒಳಗೇ ಹಿಡಿದುಕೊಳ್ಳುತ್ತದೆ. ಡಚ್‌ನಲ್ಲಿ ಇದಕ್ಕೆ 'ತೆರುಗ್‌ಟ್ರಾಪ್‌ರೆಮ್' ಅನ್ನುತ್ತಾರೆ, ಹಿಂದಕ್ಕೆ ತುಳಿಯುವ ಬ್ರೇಕು ಅಂತಲೇ ಅರ್ಥ. ವರ್ಷವಿಡೀ ಮಳೆ ಬರುವ ಊರಿಗೆ ಹೇಳಿ ಮಾಡಿಸಿದ್ದು. ಬ್ರೇಕ್ ಒಳಗಿರುವುದರಿಂದ ನೆನೆದು ಜಾರುವುದಿಲ್ಲ. ಕೈಯೂ ಖಾಲಿ, ಕೊಡೆ ಹಿಡಿದುಕೊಂಡೇ ಹೋಗುವವರಿದ್ದಾರೆ.

ಇದರಿಂದ ಮೂರು ತೊಂದರೆ.

ಒಂದು, ಹಳೇ ಚಟ. ಭಾವ ನಿಂತಿದ್ದು ಇದಕ್ಕೇ. ಇದಕ್ಕೆ ಉಪಾಯವೆಂದರೆ, ತುಳಿಯದೆ ಇರುವಾಗ ಎರಡೂ ಪಾದ ಒಂದೇ ಮಟ್ಟದಲ್ಲಿ, ಒಂದು ಮುಂದೆ ಒಂದು ಹಿಂದೆ, ಸುಮ್ಮನೆ ಇಟ್ಟುಕೊಳ್ಳುವುದು. ಬ್ರೇಕ್ ಬೇಕಾದಾಗ ಹಿಂದಿನ ಪಾದವನ್ನು ಮೆಲ್ಲಗೆ ಕೆಳಕ್ಕೆ ಒತ್ತಿ. ಮೆಲ್ಲಗೆ! ಬಸ್ಸಿನ ಬ್ರೇಕ್ ಹಾಗೆ ತುಳಿದರೆ ಹಿಂದಿನ ಚಕ್ರ ಎಳೆದುಕೊಂಡು ಹೋಗುತ್ತದೆ.

ಎರಡು, ಹೊರಡುವುದು. ಸಿಗ್ನಲ್‌ನಲ್ಲಿ ನಿಂತಿದ್ದೀರಿ, ಪೆಡಲ್ ಕೆಳಗಿದೆ. ನಮ್ಮ ಸೈಕಲ್ ಆದರೆ ಕಾಲ ಬೆರಳಿನಿಂದ ಹಿಂದಕ್ಕೆ ತಿರುಗಿಸಿ ಮೇಲೆ ತಂದುಕೊಳ್ಳುತ್ತಿದ್ದಿರಿ. ಇಲ್ಲಿ ತಿರುಗುವುದೇ ಇಲ್ಲ. ಸಿಗ್ನಲ್ ಹಸಿರಾಗಿ, ಹಿಂದಿನವರು ಬೆಲ್ ಹೊಡೆಯುತ್ತಿದ್ದರೂ ನೀವು ಕುಂಟುತ್ತಲೇ ಇರುತ್ತೀರಿ. ಹಾಗಾಗಿ ನಿಲ್ಲುವಾಗಲೇ ಲೆಕ್ಕ ಹಾಕಿ: ಹೊರಡುವ ಕಾಲಿನ ಪೆಡಲ್ ಮುಂದೆ, ಗಡಿಯಾರದ ಎರಡು ಗಂಟೆಯ ಮುಳ್ಳಿನ ಹಾಗೆ ಇರುವಾಗ ನಿಲ್ಲಿ. ತಪ್ಪಿತಾ? ಸೀಟಿನ ಹಿಂದೆ ಹಿಡಿದು ಹಿಂದಿನ ಚಕ್ರ ಸ್ವಲ್ಪ ಎತ್ತಿ, ಪೆಡಲನ್ನು ಮುಂದಕ್ಕೆ ತಿರುಗಿಸಿಕೊಳ್ಳಿ.

ಮೂರು, ಚೈನ್ ಕಳಚಿದರೆ ಈ ಬ್ರೇಕೂ ಹೋಯಿತು. ಪೆಡಲಿಗೂ ಚಕ್ರಕ್ಕೂ ಇರುವ ಸಂಬಂಧ ಆ ಚೈನ್ ಒಂದೇ. ಕೈಬ್ರೇಕ್ ಇರಲಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಈ ಅಭ್ಯಾಸವನ್ನು ಅಂಗಡಿ ಮುಂದೆ ಮಾಡಬೇಡಿ. ಸೈಕಲ್ ತಳ್ಳಿಕೊಂಡೇ ಸೆಂಟ್ರಲ್ ಸ್ಟೇಷನ್‌ನ ಹಿಂಬದಿಗೆ ಹೋಗಿ. ಅಲ್ಲಿ ಆಯ್ ಎಂಬ ಅಗಲದ ಜಲಮಾರ್ಗ ದಾಟಿಸುವ ಫೆರಿ ಸಿಗುತ್ತದೆ. ಟಿಕೆಟ್ ಇಲ್ಲ, ಸೈಕಲ್ಲಿಗೂ ಉಚಿತ. ಬೌಕ್‌ಸ್ಲೋಟರ್‌ವೆಖ್ ಕಡೆಯ ಫೆರಿ ಹತ್ತಿದರೆ ಕೆಲವೇ ನಿಮಿಷದಲ್ಲಿ ಆಚೆ ದಡ. ಅಲ್ಲಿ ಜನ ಕಮ್ಮಿ, ಟ್ರ್ಯಾಮ್ ಇಲ್ಲ. ಅರ್ಧ ಗಂಟೆ ನಿಲ್ಲುವುದು, ಹೊರಡುವುದು, ಮತ್ತೆ ನಿಲ್ಲುವುದು ಮಾಡಿ. ಕೈಕಾಲು ಹಿಡಿತಕ್ಕೆ ಬಂದರೆ ಏರಿಯ ದಾರಿ ಹಿಡಿದು ಡರ್ಗರ್‌ಡಾಮ್ ಹಳ್ಳಿಯವರೆಗೆ ಹೋಗಿಬನ್ನಿ. ಒಂದು ಕಡೆ ನೀರು, ಇನ್ನೊಂದು ಕಡೆ ಸಾಲಾಗಿ ಮರದ ಮನೆಗಳು. ನನ್ನ ಕೇಳಿದರೆ ಒಂದೇ ದಿನ ಇರುವವರು ಊರೊಳಗೆ ಸೈಕಲ್ ತರಲೇಬಾರದು, ಇದೇ ದಾರಿ ಸಾಕು.

ಊರೊಳಗೆ ಬಂದರೆ

ಬಲಗಡೆ ಹೋಗಬೇಕು. ಎಲ್ಲರಿಗೂ ಗೊತ್ತು, ತಿರುವಿನಲ್ಲಿ ಎಲ್ಲರೂ ಮರೆಯುತ್ತಾರೆ. ಕೆಂಪು ಡಾಂಬರು ಸೈಕಲ್ಲಿನದು, ಫೋಟೋ ತೆಗೆಯಲು ಅದರ ಮೇಲೆ ನಿಲ್ಲಬೇಡಿ. ರಸ್ತೆಯ ಮೇಲೆ ಸಾಲಾಗಿ ಬಿಳಿ ತ್ರಿಕೋನ ಕಂಡು, ಅವುಗಳ ಚೂಪು ನಿಮ್ಮ ಕಡೆಗಿದ್ದರೆ ಅಡ್ಡ ಬರುವವರಿಗೆ ದಾರಿ ಬಿಡಿ. ಡಚ್ಚರು ಇದಕ್ಕೆ ಶಾರ್ಕ್ ಹಲ್ಲು ಅನ್ನುತ್ತಾರೆ. ಯಾವ ಗುರುತೂ ಇಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬಂದವರಿಗೆ ಮೊದಲು. ತಿರುಗುವ ಮುಂಚೆ ಕೈ ಚಾಚಿ ತೋರಿಸಿ.

ಟ್ರ್ಯಾಮ್ ಹಳಿಯ ಸಂದು ಸೈಕಲ್ ಟೈರಿನಷ್ಟೇ ಅಗಲ. ಓರೆಯಾಗಿ ದಾಟಲು ಹೋದರೆ ಚಕ್ರ ಅದರೊಳಗೆ ಕೂತುಬಿಡುತ್ತದೆ, ಸೈಕಲ್ ಅಲ್ಲೇ, ನೀವು ಆಚೆ. ಹ್ಯಾಂಡಲ್ ತಿರುಗಿಸಿ ನೇರ ಅಡ್ಡಡ್ಡ ದಾಟಿ. ಮಳೆ ಬಂದಾಗ ಇಳಿದು ತಳ್ಳಿದರೂ ಯಾರೂ ನಗುವುದಿಲ್ಲ.

ಕೈಯಲ್ಲಿ ಫೋನ್ ಹಿಡಿದು ಸೈಕಲ್ ಹೊಡೆಯುವುದು 2019ರ ಜುಲೈ 1ರಿಂದ ನಿಷೇಧ. ದಂಡ ನೂರು ಯೂರೋ ದಾಟುತ್ತದೆ. ಮ್ಯಾಪ್ ನೋಡಬೇಕೆಂದರೆ ಪಕ್ಕಕ್ಕೆ ನಿಲ್ಲಿ. ಹ್ಯಾಂಡಲ್ಲಿಗೆ ಸಿಕ್ಕಿಸುವ ಫೋನ್ ಹಿಡಿಕೆ ಕೊಳ್ಳುವುದಾದರೆ ಅಗ್ಗದ್ದು ಬೇಡ. ನಾನು ಕೊಂಡ ಐದು ಯೂರೋದ್ದು ಕಲ್ಲುಹಾಸಿನ ಮೇಲೆ ಎರಡೇ ದಿನಕ್ಕೆ ಬಾಯಿ ಬಿಟ್ಟಿತು. ಫೋನ್ ಕಾಲುವೆಗೆ ಬೀಳದಿದ್ದದ್ದು ನನ್ನ ಪುಣ್ಯ. ಕತ್ತಲಾದ ಮೇಲೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಇರಲೇಬೇಕು. ಬೆಳಿಗ್ಗೆ ಎಂಟರಿಂದ ಒಂಬತ್ತು, ಸಂಜೆ ಐದರಿಂದ ಆರು ಹೊರಗೆ ಬರಬೇಡಿ. ಆಗ ಬರುವವರು ಕೆಲಸಕ್ಕೆ ಹೋಗುವವರು, ನಿಮ್ಮ ಮೇಲೆ ಕರುಣೆ ಇಡುವವರಲ್ಲ.

ಬೀಗ

ಎರಡು ಬೀಗ ಕೊಡುತ್ತಾರೆ, ಜನ ಒಂದೇ ಹಾಕುತ್ತಾರೆ. ಹಿಂದಿನ ಚಕ್ರದ ಉಂಗುರದ ಬೀಗ ಚಕ್ರವನ್ನು ತಿರುಗದ ಹಾಗೆ ಮಾಡುತ್ತದೆ ಅಷ್ಟೇ, ಸೈಕಲ್ ಎತ್ತಿಕೊಂಡು ಹೋಗುವವನನ್ನು ತಡೆಯುವುದಿಲ್ಲ. ದಪ್ಪ ಸರಪಳಿ ಇರುವುದು ಅದಕ್ಕೆ. ಅದು ಮುಂದಿನ ಚಕ್ರ, ಫ್ರೇಮ್, ಆಮೇಲೆ ನೆಲದಲ್ಲಿ ಹೂತ ಕಂಬಿ, ಮೂರನ್ನೂ ಸುತ್ತಬೇಕು. ಬರೀ ಚಕ್ರಕ್ಕೆ ಹಾಕಿದರೆ ಸಂಜೆ ಆ ಚಕ್ರ ಮಾತ್ರ ಸಿಗುತ್ತದೆ. ಸೈಕಲ್ ಹೋದರೂ ಕೀಲಿ ಕಳೆಯಬೇಡಿ. ಬೀಗ ಹಾಕಿದ್ದಿರಿ ಎನ್ನುವುದಕ್ಕೆ ಅದೇ ಸಾಕ್ಷಿ, ವಿಮೆಗೆ ಅದನ್ನೇ ಕೇಳುತ್ತಾರೆ.

ಎಲ್ಲೆಂದರಲ್ಲಿ ನಿಲ್ಲಿಸಿದರೆ ನಗರಸಭೆಯವರು ಎತ್ತಿಕೊಂಡು ಹೋಗುತ್ತಾರೆ. ಸೆಂಟ್ರಲ್ ಸ್ಟೇಷನ್ ಎದುರು ನೀರಿನ ಕೆಳಗೇ 7,000 ಸೈಕಲ್ ಹಿಡಿಸುವ ನಿಲುಗಡೆ 2023ರಲ್ಲಿ ತೆರೆದಿದೆ, ಮೊದಲ 24 ಗಂಟೆ ಉಚಿತ. ಇಟ್ಟ ಸಾಲಿನ ನಂಬರ್ ಫೋಟೋ ತೆಗೆದುಕೊಳ್ಳಿ. ನಾವು ತೆಗೆಯಲಿಲ್ಲ. ಏಳು ಸಾವಿರದಲ್ಲಿ ಒಂದು ಕಪ್ಪು ಸೈಕಲ್ ಹುಡುಕಲು ಮುಕ್ಕಾಲು ಗಂಟೆ ಬೇಕಾಯಿತು. ಕೊನೆಗೆ ಸಿಕ್ಕಿದ್ದು ಭಾವ ಹ್ಯಾಂಡಲ್ಲಿಗೆ ಕಟ್ಟಿದ್ದ ಕೆಂಪು ಕರವಸ್ತ್ರದಿಂದ.

ವಾಪಸ್ ಕೊಡುವಾಗ

ಅಂಗಡಿ ಮುಚ್ಚುವ ಅರ್ಧ ಗಂಟೆ ಮೊದಲೇ ಹೋಗಿ, ಇಲ್ಲವಾದರೆ ಇನ್ನೊಂದು ದಿನದ ಬಾಡಿಗೆ ಬೀಳುತ್ತದೆ. ಹಿಡಿದಿಟ್ಟ ಹಣ ಕಾರ್ಡಿಗೆ ಮರಳಲು ಕೆಲವು ದಿನ ಬೇಕು. ಮುಂದಿನ ಬುಟ್ಟಿ ಒಮ್ಮೆ ನೋಡಿ. ನಮ್ಮ ಚಕ್ಕುಲಿ ಡಬ್ಬಿ ಅಲ್ಲೇ ಉಳಿದಿತ್ತು. ಮರುದಿನ ಹೋಗಿ ಕೇಳಿದರೆ ಅಂಗಡಿ ಹುಡುಗ ಖಾಲಿ ಡಬ್ಬಿ ಕೊಟ್ಟು, ಇದು ಎಲ್ಲಿ ಸಿಗುತ್ತದೆ ಅಂತ ಕೇಳಿದ.